ಲೆಕ್ಕಕ್ಕಿಲ್ಲದ ಚಹಾ

ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಹಾಲು ಕಂಡರಾಗದು. ಅದೇ ಹಾಲು ಚಹಾಪುಡಿ, ಸಕ್ಕರೆ, ಜಜ್ಜಿದ ಶುಂಠಿಯ ಜೊತೆ ಕುದಿದು ಕಪ್ಪಿನಿಂದ ಬಶಿಗೆ ಬಿದ್ದರೆ ದಿನಕ್ಕೆ ಎಷ್ಟು ಸಲವಾದರೂ ಸರಿ. ಇದರಲ್ಲಿ ತರ್ಕವಿಲ್ಲ ಎಂದು ನಾನು ಸಣ್ಣವಳಿದ್ದಾಗಿನಿಂದ ಹೇಳುತ್ತ ಬಂದಿದ್ದೇನೆ. "ತರ್ಕ ಕುಡೀತಾರೇನ?" ಎಂದು ಆಯಿ ಬಶಿಯನ್ನು ಊದುತ್ತಿದ್ದಳು.

ಹೋದ ವರ್ಷ, ದೋರನಹಳ್ಳಿಯ ನಮ್ಮ ಗದ್ದೆಯಲ್ಲಿ ಸಸಿ ಹಚ್ಚುವ ದಿನ, ಆಳುಗಳಿಗೆ ಬುತ್ತಿ ಒಯ್ಯುತ್ತಿದ್ದ ಆಯಿ ಕೆನಾಲಿನ ಏರಿ ಮೇಲೆ ಜಾರಿಬಿದ್ದಳು. ತೊಡೆಯ ಎಲುಬು ಮುರಿಯಿತು. ಯಾದಗಿರಿಯ ದವಾಖಾನೆಯಲ್ಲಿ ರಾಡು ಹಾಕಿದರು. ಎಲುಬು ಕೂಡಿತು, ಕಾಲಿಗೆ ಕಸುವು ಬರಲಿಲ್ಲ.

"ಮಾಂಸ ಕರಗ್ಯಾದ್ರಿ. ಪ್ರೋಟೀನ್ ಹೊಟ್ಟಿಗಿ ಹೋಗಬೇಕು, ದಿನಾ ಎಬ್ಬಿಸಿ ನಿಂದರಿಸಬೇಕು. ಇಲ್ಲಂದ್ರ ಹಾಸಗಿ ಹಿಡೀತಾರ" ಎಂದು ಡಾಕ್ಟರು ಅಪ್ಪನಿಗೆ ಹೇಳಿ ಒಂದು ಪುಡಿಯ ಹೆಸರು ಬರೆದುಕೊಟ್ಟರು.

ಡಬ್ಬಿಯ ಮೇಲೆ ತೋಳು ಉಬ್ಬಿಸಿಕೊಂಡ ಗಂಡಸಿನ ಚಿತ್ರವಿತ್ತು. ಆಯಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇವ್ನಂಗ ಆಗಿ ನಾ ಯಾರ ಜೋಡಿ ಕುಸ್ತಿ ಹಿಡೀಬೇಕವಾ?"

ಹಾಲಿನಲ್ಲಿ ಕದಡಿ ಕೊಟ್ಟೆವು, ಕಾರಿಕೊಂಡಳು. ನೀರಿನಲ್ಲಿ ಕೊಟ್ಟೆವು, ಸುಣ್ಣದ ತಿಳಿ ಎಂದಳು. ಕಾಫಿಯಲ್ಲಿ ಬೆರೆಸಿದರೆ ವಾಸನೆ ಅಡಗುತ್ತದೆ ಎಂದು ನಾನು ಮೊಬೈಲಿನಲ್ಲಿ ನೋಡಿದ್ದೆ. ನಮ್ಮ ಮನೆಗೆ ಕಾಫಿ ಬಂದದ್ದೇ ಆವತ್ತು. ಒಂದು ಗುಟುಕು ನುಂಗಿ, "ಹುಣಚಿಬೀಜ ಹುರದು ಕುದಿಸೀಯೇನ?" ಎಂದು ಲೋಟ ಸರಿಸಿದಳು.

ಉಳಿದದ್ದು ಚಹಾ. "ಬಿಸಿಗಿ ಹಾಕಿದ್ರ ಪ್ರೋಟೀನ್ ಸಾಯ್ತದಂತ" ಎಂದು ಅಪ್ಪ ತಕರಾರು ತೆಗೆದ.

"ಹಂಗಂತ ಹೇಳಿದವರ್ಯಾರು? ಕುದಿಸಿದ ಬ್ಯಾಳಿ ದಿನಾ ಉಣ್ತಿ, ಅದರಾಗಿನ ಪ್ರೋಟೀನ್ ಸತ್ತದೇನು? ಬಿಸಿಗಿ ಅದರ ರೂಪ ಬದಲಾಗ್ತದ, ಹೊಟ್ಟಿ ಅದನ್ನೂ ಕರಗಿಸ್ಕೊಳ್ತದ" ಎಂದೆ ನಾನು.

"ನಿನ್ನ ಜೋಡಿ ಮಾತಾಡೋದಕ್ಕಿಂತ ಗ್ವಾಡಿ ಜೋಡಿ ಮಾತಾಡಬೇಕು. ಅದು ತಿರುಗಿ ಕೇಳೂದಿಲ್ಲ."

ನಾನು ಸುರಪುರದ ಕಾಲೇಜಿನಲ್ಲಿ ಓದಿದವಳು, ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎದುರಿನವರು ಮಾತು ಮುಗಿಸುವ ಮೊದಲೇ ಅದರ ಸಡಿಲ ಗಂಟು ಎಲ್ಲಿದೆ ಎಂದು ಹುಡುಕುವುದು ಅಭ್ಯಾಸವಾಗಿಬಿಟ್ಟಿತ್ತು. ನಾನು ಗೆದ್ದು ತಂದು ಶಹಾಪುರದ ನಮ್ಮ ಮನೆಯ ಶೋಕೇಸಿನಲ್ಲಿ ಸಾಲಾಗಿ ನಿಲ್ಲಿಸಿದ ಕಪ್ಪುಗಳನ್ನು ಅವ್ವ ಹಬ್ಬಕ್ಕೊಮ್ಮೆ ಒರೆಸುತ್ತಿದ್ದಳು.

ಮೊದಲ ಸಲ ಪುಡಿಯನ್ನು ಕುದಿಯುವ ಚಹಾಕ್ಕೇ ಸುರಿದೆ. ಗಂಟುಗಂಟಾಗಿ, ಒಡೆದ ಹಾಲಿನ ಹಾಗೆ ಮೇಲೆ ತೇಲಿತು. ಮಾರನೆಯ ದಿನ ಅಂಬಲಿಗೆ ಹಿಟ್ಟು ಕದಡುವ ಹಾಗೆ ತಣ್ಣೀರಿನಲ್ಲಿ ಮೊದಲು ಕಲಸಿಕೊಂಡು, ಚಹಾ ಸ್ವಲ್ಪ ಆರಿದ ಮೇಲೆ ಸಣ್ಣಗೆ ಹೊಯ್ಯುತ್ತ ಬೆರೆಸಿದೆ. ಆಯಿ ಬಶಿಯನ್ನು ತುಟಿಗೆ ಹಚ್ಚಿ ಯೋಚಿಸಿದಳು. "ಚಹಾಕ್ಕ ಮೈ ಬಂದದ" ಎಂದಳು. ಕುಡಿದಳು. ಆ ವಾರವೆಲ್ಲ ಮುಂಜಾನೆ ಒಂದು, ಸಂಜೆ ಒಂದು ಕುಡಿದು, ವಾಕರ್ ಹಿಡಿದು ತಾನು ಮಲಗುವ ಹೊರಸಿನ ಪಕ್ಕ ನಿಂತಳು. ಪುಡಿಯಿಂದಲೇ ನಿಂತಳೆಂದು ನಾನು ಹೇಳುವುದಿಲ್ಲ, ಒಬ್ಬಳ ಕಾಲು ಪುರಾವೆಯಾಗುವುದಿಲ್ಲ. ಆದರೆ ನಿಂತಳು.

ಆಮೇಲೆ ಸೋಮವಾರ ಬಂತು.

ಆಯಿಗೆ ಸೋಮವಾರ ಒಪ್ಪತ್ತು. ಸಂಜೆ ದೀಪ ಹಚ್ಚಿ, ಲಿಂಗಪೂಜೆ ಮುಗಿಸಿದ ಮೇಲೆಯೇ ಊಟ. ನಡುವೆ ಚಹಾ ಮಾತ್ರ ನಡೆಯುತ್ತದೆ. ಚಹಾ ಲೆಕ್ಕಕ್ಕಿಲ್ಲ ಎಂಬುದು ಅವಳ ನಿಯಮ. ನಾನು ಪುಡಿ ಬೆರೆಸಿದ ಚಹಾ ತಂದಿಟ್ಟಾಗ, "ಇಂದು ಸ್ವಾಮಾರ. ಖಾಲಿ ಚಹಾ ತಾ" ಎಂದಳು.

"ಒಂದು ದಿನ ಬಿಟ್ರ ಕಸುವು ಇಳೀತದ ಆಯಿ."

"ಪುಡಿ ಅಂದ್ರ ಊಟಿದ್ದಂಗವಾ. ಊಟ ಸಂಜಿಗಿ."

ಅಲ್ಲಿಗೆ ಬಿಡಬಹುದಿತ್ತು. ಸಂಜೆ ಎರಡು ಚಮಚ ಹೆಚ್ಚು ಹಾಕಿದ್ದರೆ ಆಗುತ್ತಿತ್ತು. ಆದರೆ ಆ ಸಡಿಲ ಗಂಟು ನನ್ನ ಕಣ್ಣಿಗೆ ಬಿದ್ದಿತ್ತು.

"ಚಹಾದಾಗ ಹಾಲು ಅದನೋ ಇಲ್ಲೋ?"

"ಅದ."

"ಈ ಪುಡಿ ಯಾತರದು ಗೊತ್ತೇನು? ಹಾಲಿಂದೇ. ಹಾಲಿನ ಸತ್ವ ತಗದು ಒಣಗಿಸ್ಯಾರ. ಹಾಲು ನಡೀತದಂದ್ರ ಪುಡಿನೂ ನಡೀಬೇಕು. ಪುಡಿ ನಡೆಯೂದಿಲ್ಲಂದ್ರ ಹಾಲೂ ನಡೆಯೂದಿಲ್ಲ. ಎರಡರಾಗ ಒಂದು ಹೇಳು."

ಸ್ಪರ್ಧೆಗಳಲ್ಲಿ ಈ ಪಟ್ಟಿನಿಂದ ಯಾರೂ ತಪ್ಪಿಸಿಕೊಂಡಿರಲಿಲ್ಲ. ಮೊದಲನೆಯದನ್ನೇ ಒಪ್ಪುತ್ತಾಳೆ, ಬೇರೆ ದಾರಿಯಿಲ್ಲ ಎಂದುಕೊಂಡಿದ್ದೆ. ಆಯಿ ಬಶಿಯೊಳಗೆ ನೋಡುತ್ತ ಕುಳಿತಳು. ಅವಳು ಉತ್ತರ ಹುಡುಕುತ್ತಿಲ್ಲ, ಹಿಂದಕ್ಕೆ ಹೋಗುತ್ತಿದ್ದಾಳೆ ಎಂಬುದು ನನಗೆ ತಿಳಿಯಲಿಲ್ಲ.

"ಖರೆ ಹೇಳ್ದಿ" ಎಂದಳು ಕೊನೆಗೆ. "ಹಾಲೂ ಊಟೇ. ಹಂಗಾದ್ರ ಇಷ್ಟು ವರ್ಷ ನಾ ಉಂಡೇ ಒಪ್ಪತ್ತು ಮಾಡೀನಲ್ಲ."

ಬಶಿಯನ್ನು ನೆಲದ ಮೇಲಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಕುಡಿದೇ ಇರಲಿಲ್ಲ, ಆದರೂ ಒರೆಸಿಕೊಂಡಳು.

ಆ ದಿನ ಸಂಜೆಯವರೆಗೆ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಮಧ್ಯಾಹ್ನ ನಿಲ್ಲಿಸಲು ಹೋದರೆ ತಲೆ ತಿರುಗಿ ಹೊರಸಿಗೇ ಕುಸಿದಳು. ನಾನು ಹಿಡಿದುಕೊಂಡಿದ್ದೆ, ಪೆಟ್ಟಾಗಲಿಲ್ಲ. ಅವಳ ತೋಳು ನನ್ನ ಕೈಯಲ್ಲಿ ಒಣಗಿದ ಬಟ್ಟೆಯ ಹಾಗೆ ಹಗುರವಿತ್ತು.

ನಡೆದದ್ದನ್ನು ಅಡುಗೆಮನೆಯಲ್ಲಿ ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

"ಚಹಾ ಯಾಕ ಲೆಕ್ಕಕ್ಕಿಲ್ಲ ಅಂತ ಕೇಳ್ದೇನು ಅಕಿಗಿ?"

"ಅದರಾಗ ಕೇಳೂದೇನದ? ರೂಢಿ."

"ಎಲ್ಲಾರಿಗೂ ಪ್ರಶ್ನಿ ಹಾಕ್ತಿ. ಇದೊಂದು ಕೇಳಲಿಲ್ಲ ನೋಡು."

ಆಯಿ ಹೊಸದಾಗಿ ಮನೆಗೆ ಬಂದ ಸೊಸೆಗೆ, ಅಂದರೆ ಅವ್ವನಿಗೆ, ಹೇಳಿದ್ದಂತೆ. ಕೆನಾಲು ಅಗೆಯುತ್ತಿದ್ದ ಕಾಲದಲ್ಲಿ ಮುತ್ಯಾ, ಅಂದರೆ ನಮ್ಮ ಅಜ್ಜ, ಆ ಕೆಲಸಕ್ಕೆ ಹೋಗುತ್ತಿದ್ದ. ಬಂಡೆ ಅಡ್ಡ ಬಂದಲ್ಲಿ ಮದ್ದು ಇಟ್ಟು ಸಿಡಿಸುತ್ತಿದ್ದರು. ಒಂದು ಸೋಮವಾರ ಅವನ ಜೊತೆಯವನ ಕೈ ಹೋಯಿತು. ಮುಂದಿನ ಸೋಮವಾರದಿಂದ ಆಯಿ, ಗಂಡ ಮನೆಗೆ ಬಂದು ಕೈಕಾಲು ತೊಳೆಯುವವರೆಗೆ ಅನ್ನ ಮುಟ್ಟುವುದಿಲ್ಲವೆಂದು ದೇವರಿಗೆ ಹರಕೆ ಹೊತ್ತಳು. ಹೊಟ್ಟೆಯಲ್ಲಿ ಆಗ ಅಪ್ಪ. ಮುತ್ಯಾ ಬೈದನಂತೆ, ಇವಳು ಕೇಳಲಿಲ್ಲ. ಕೊನೆಗೆ, "ಚಹಾ ಕುಡಿ. ನಂಗೂ ಕೆಲಸದ ಮ್ಯಾಲೆ ಚಹಾ ಕೊಡ್ತಾರ. ನಾ ಅಲ್ಲಿ ಕುಡೀತೀನಿ, ನೀ ಇಲ್ಲಿ ಕುಡಿ. ಚಹಾ ಲೆಕ್ಕಕ್ಕಿಲ್ಲ" ಎಂದನಂತೆ.

ಕೆನಾಲು ಮುಗಿಯಿತು. ನೀರು ಬಂತು, ಜೋಳ ಹೋಗಿ ನೆಲ್ಲು ಬಂತು. ಮುತ್ಯಾ ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ ತೀರಿಕೊಂಡ. ಸೋಮವಾರ ಉಳಿಯಿತು.

ದೇವರಿಗೆ ಹಾಲು, ಪುಡಿಗಳ ವ್ಯತ್ಯಾಸ ತಿಳಿಯುತ್ತದೆಂದು ನಾನು ಇವತ್ತಿಗೂ ನಂಬುವುದಿಲ್ಲ. ಒಪ್ಪತ್ತಿನಿಂದ ಮದ್ದಿನ ಕಿಡಿ ದಾರಿ ಬದಲಿಸುತ್ತದೆಂದೂ ನಂಬುವುದಿಲ್ಲ. ಆದರೆ ನಾನು ಮುರಿದದ್ದು ದೇವರ ನಿಯಮವನ್ನಲ್ಲ. ಬಸುರಿ ಹೆಂಡತಿ ಹಸಿದಿರಬಾರದೆಂದು ಒಬ್ಬ ಗಂಡಸು ಹೇಳಿದ ಮಾತಿನ ಸಂದಿಗೆ ಉಗುರು ಹಾಕಿ ಎಬ್ಬಿಸಿದ್ದೆ.

ಮರುದಿನ ಆಯಿಯ ಮುಂದೆ ವಿರುದ್ಧ ಪಕ್ಷ ಹಿಡಿದು ನಿಂತೆ. ನಿಯಮ ಯಾರಿಗಾಗಿಯೋ ಅವರಿಗೇ ಅದನ್ನು ಸಡಿಲಿಸುವ ಹಕ್ಕು ಇರುತ್ತದೆ ಎಂದೆ. ಮುತ್ಯಾ ಹೇಳಿದ ಮೇಲೆ ಮುಗಿಯಿತು, ಹಾಲು ಊಟವಾದರೂ ಚಹಾ ಊಟವಲ್ಲ ಎಂದೆ. ಒಳ್ಳೆಯ ವಾದವೇ ಆಗಿತ್ತು.

ಆಯಿ ನಕ್ಕಳು. "ನಿನ್ನಿ ಹಂಗಂದಿ, ಇಂದು ಹಿಂಗಂತಿ. ವಕೀಲಸಾಬ, ನಾ ಯಾವ ದಿನದ್ದು ನಂಬಲಿ?"

"ಇಂದಿಂದು ನಂಬು. ನಿನ್ನಿ ನಾ ತಪ್ಪು ಹೇಳೀನಿ."

"ತಪ್ಪಲ್ಲವಾ, ಖರೆನೇ ಹೇಳ್ದಿ. ಅಂವ ನಿನ್ನಂಗ ಓದಿರ್ಲಿಲ್ಲ. ನಾ ಹಸಕೊಂಡು ಕುಂತೀನಿ ಅಂತ ಹಂಗ ಅಂದಿದ್ದ." ವಾಕರನ್ನು ಹತ್ತಿರ ಎಳೆದುಕೊಳ್ಳುತ್ತ, "ಗೊತ್ತಿದ್ದಿಲ್ಲಂತಲ್ಲ ನಂಗ. ಕೇಳವ್ರು ಇದ್ದಿದ್ದಿಲ್ಲ" ಎಂದಳು.

ಅವ್ವ, ಅಪ್ಪ ಇಬ್ಬರೂ ಹೇಳಿ ನೋಡಿದರು. ಆಯಿ ಸೋಮವಾರದ ಚಹಾಕ್ಕೆ ಒಪ್ಪಲಿಲ್ಲ. ಬೇರೆ ದಿನಗಳಲ್ಲಿ ಮಾತ್ರ ಮೈ ಬಂದ ಚಹಾವನ್ನು ತಪ್ಪದೆ ಕುಡಿದಳು, ನನಗಾಗಿಯೇ ಎಂಬಂತೆ. ಈಗ ವಾಕರ್ ಹಿಡಿದು ಹೊರಸಿನಿಂದ ತಲಬಾಗಿಲಿನವರೆಗೆ ಹೋಗಿ ಬರುತ್ತಾಳೆ. ಮಂಗಳವಾರದ ನಡಿಗೆ ಮಾತ್ರ ಉಳಿದ ದಿನಗಳಿಗಿಂತ ಗಿಡ್ಡ. ಸೋಮವಾರದ ಹಸಿವು ಮರುದಿನವೂ ಕಾಲಿನಲ್ಲಿ ಉಳಿದಿರುತ್ತದೆ.

ಸೋಮವಾರ ನಾನೂ ಚಹಾ ಬಿಟ್ಟೆ. ಹಾಗಾದರೂ ಸರಿಹೋದೀತೆಂದುಕೊಂಡಿದ್ದೆ. ಆಯಿಗೆ ಅದು ಎರಡನೇ ವಾರವೇ ತಿಳಿಯಿತು.

"ನೀ ಯಾಕ ಬಿಟ್ಟಿ? ನಿಂಗ ಯಾವ ಗಂಡ ಬಂಡಗಲ್ಲು ಒಡೀಲಾಕ ಹೋಗ್ಯಾನ?" ಎಂದಳು. "ಹೋಗು, ಮಾಡ್ಕೊಂಡು ಬಾ. ಅಲ್ಲೇ ಒಲಿ ಮುಂದ ಕುಂತು ಕುಡೀಬ್ಯಾಡ, ಇಲ್ಲಿ ತಾ. ಶುಂಠಿ ಹಾಕು."

ಮಾಡಿ ತಂದೆ. ಹೊರಸಿನ ಪಕ್ಕ ನೆಲಕ್ಕೆ ಕುಳಿತೆ.

"ಬಶ್ಯಾಗ ಹಾಕೊ. ವಾಸನಿ ಬರಲಿ."

ಬಶಿಗೆ ಸುರಿದೆ. ಆಯಿ ದಿಂಬಿಗೊರಗಿ ಕಣ್ಣು ಮುಚ್ಚಿ ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಂಡಳು. "ಸಕ್ರಿ ಕಡಿಮಿ ಬಿದ್ದದ" ಎಂದಳು, ವಾಸನೆಯಿಂದಲೇ. ಬಿದ್ದಿತ್ತು. ಈಗ ಪ್ರತಿ ಸೋಮವಾರ ಮಧ್ಯಾಹ್ನ ಹೀಗೆಯೇ. ಬಶಿ ಖಾಲಿಯಾಗುವವರೆಗೆ ಅವಳು ಕಣ್ಣು ತೆರೆಯುವುದಿಲ್ಲ, ನಾನು ಬೇಗ ಕುಡಿದು ಏಳುವಂತಿಲ್ಲ.