ವಾಡೆ ಒಡೆದ ಭಾನುವಾರ

ಅತ್ತೆ ಒನಕೆ ಹಿಡಿದು ನಡುಮನೆಗೆ ಬಂದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಎಂಬತ್ತರ ದಶಕದಲ್ಲಿ, ಯಲಹಂಕದ ನಮ್ಮ ಹಳೆಯ ಮನೆಯಲ್ಲಿ ನಡೆದದ್ದಿದು. ವಾರವಿಡೀ ಆಫೀಸಿಗೆ ಓಡುತ್ತಿದ್ದ ನನಗೆ ಹಳೇ ಸಾಮಾನು ಖಾಲಿ ಮಾಡಲು ಸಿಕ್ಕಿದ್ದು ಆ ಭಾನುವಾರವೊಂದೇ. ಮುರಿದ ಕೊಡೆ, ತೂತುಬಿದ್ದ ಬಕೆಟ್ಟು ಎಲ್ಲ ಹೊರಗೆ ಹೋದವು. ಉಳಿದದ್ದು ಮೂಲೆಯಲ್ಲಿ ನನ್ನೆತ್ತರಕ್ಕೆ ನಿಂತಿದ್ದ, ರಾಗಿ ತುಂಬಿಡುವ ಮಣ್ಣಿನ ವಾಡೆ. ಹೊಲ ಮಾರಿದ ಮೇಲೆ ಅದರೊಳಗೆ ಒಂದು ಕಾಳೂ ಬಿದ್ದಿರಲಿಲ್ಲ. ನನ್ನ ಹೆಣ್ಣುಮಕ್ಕಳಿಬ್ಬರು ಮಾತ್ರ ಜಾಗವಿಲ್ಲದೆ ಒಲೆಯ ಪಕ್ಕ ಕೂತು ಓದುತ್ತಿದ್ದರು. ವಾಡೆ ಇಟ್ಟ ಮೇಲೆಯೇ ಗೋಡೆ ಎಬ್ಬಿಸಿದ್ದರಂತೆ. ಅದು ಯಾವ ಬಾಗಿಲಲ್ಲೂ ಹಿಡಿಸುತ್ತಿರಲಿಲ್ಲ. ಒಡೆಯೋಣವೆಂದು ಅತ್ತೆಗೆ ಹೇಳುವ ಧೈರ್ಯ ನನಗಿರಲಿಲ್ಲ.

ಅತ್ತೆ ವಾಡೆಗೆ ಕುಂಕುಮವಿಟ್ಟು ಕೈಮುಗಿದರು. "ಇಷ್ಟು ವರ್ಸ ನಮ್ಮೊಟ್ಟೆ ತುಂಬಿಸ್ದೆ. ಇನ್ನು ಉಡ್ಗೀರಿಗೆ ಜಾಗ ಬುಡು ತಾಯಿ" ಎಂದವರೇ ಒನಕೆ ಬೀಸಿದರು. ವಾಡೆ ದಬದಬನೆ ಕುಸಿಯಿತು. ಆ ಧೂಳಿನಲ್ಲಿ ನಾವಿಬ್ಬರೂ ಕೆಮ್ಮುತ್ತಲೇ ನಕ್ಕೆವು.

ಮರುದಿನ ಸಂಜೆ ಕೆಲಸದಿಂದ ಬಂದವಳೇ, ಖಾಲಿ ಮೂಲೆ ಕಂಡು ಕೈಚೀಲ ಅಲ್ಲಿಟ್ಟೆ. "ಎತ್ತವ್ವ ಅದ್ನ, ಉಡ್ಗೀರು ಓದೋ ಜಾಗ!" ಎಂದು ಅತ್ತೆ ಗದರಿದರು. ಅವರಿಂದ ಬೈಸಿಕೊಂಡು ನಾನು ಬೀಗಿದ್ದು ಅದೇ ಮೊದಲು.