ಕಾಲುಬಾಯಿ ರೋಗಕ್ಕೆ ನಿಂತ ಪಾದಯಾತ್ರೆ

ಗೆಳೆಯರೇ, ಇವತ್ತು ಬೆಳಿಗ್ಗೆ ಹೊರಡಬೇಕಿದ್ದ ನಮ್ಮ ಪಾದಯಾತ್ರೆ ಪಿ.ಜೆ. ಬಡಾವಣೆಯ ಒಂದು ಗೇಟಿನ ಹತ್ತಿರವೇ ನಿಂತುಹೋಯಿತು. ಹರಿಹರದ ಹೊಳೆನೀರನ್ನು ಕೊಡದಲ್ಲಿ ಹೊತ್ತು, ಲೋಕಿಕೆರೆ ಹಾದು, ಕುಕ್ಕುವಾಡದ ಬಸವಣ್ಣನಿಗೆ ಎರೆಯುವುದು ನಮ್ಮ ಪದ್ಧತಿ. ನೀರು ನಿನ್ನೆಯೇ ಬಂದಿತ್ತು. ನಮ್ಮ ಮುಖಂಡರಾದ ಜವಳಿ ಅಂಗಡಿಯ ವಿರೂಪಾಕ್ಷಪ್ಪನವರ ಅಂಗಳದಲ್ಲಿ ಸಾಮಾನಿನ ಗಾಡಿ, ಅವರ ಜೋಡೆತ್ತು ಎಲ್ಲವೂ ಸಿದ್ಧವಾಗಿದ್ದವು.

ಅಷ್ಟರಲ್ಲಿ ಲೋಕಿಕೆರೆಯ ರೈತ ಹನುಮಂತಪ್ಪ ನಡೆದುಕೊಂಡು ಬಂದ. ಗೇಟಿನ ಆಚೆಯೇ ನಿಂತ.

"ಈ ಸಲ ನಮ್ಮೂರ ಮ್ಯಾಲೆ ಬರಬ್ಯಾಡ್ರಿ ಸಾವ್ಕಾರ್ರೆ. ದನಕ್ಕೆ ಕಾಲುಬಾಯಿ ರೋಗ ಬಂದೈತೆ. ನಿಮ್ಮ ಕಾಲಿಗೆ ಹತ್ತಿ ಕುಕ್ಕುವಾಡಕ್ಕೂ ಹೋಗತೈತೆ."

ವಿರೂಪಾಕ್ಷಪ್ಪನವರ ಮುಖ ಬಿಗಿಯಿತು. "ಬಸವಣ್ಣನ ಸೇವೆಗೆ ಹೊಂಟವ್ರನ್ನ ತಡೀತೀಯೇನು? ಅವನೇ ಕಾಯ್ತಾನೆ."

"ಗುಡಿ ಬಸವಣ್ಣಗೆ ಏನೂ ಆಗಂಗಿಲ್ರಿ, ಅವನು ಕಲ್ಲು. ನಮ್ಮ ಕೊಟ್ಟಿಗೆ ಬಸವಣ್ಣ ಮೂರು ದಿನದಿಂದ ಹುಲ್ಲು ಮುಟ್ಟಿಲ್ಲ."

ವಿರೂಪಾಕ್ಷಪ್ಪನವರು ಗೇಟು ತೆರೆದು, "ಒಳಗೆ ಬಾ, ಕುಂತು ಮಾತಾಡಾಣ" ಎಂದರು.

"ಬ್ಯಾಡ್ರಿ. ಕೊಟ್ಟಿಗೆಯಿಂದ ಸೀದಾ ಬಂದೀನಿ. ನಿಮ್ಮ ಎತ್ತು ಅಲ್ಲೇ ಅದಾವಲ್ಲ."

ಸಾಹುಕಾರರು ತಮ್ಮ ಎತ್ತುಗಳನ್ನು ನೋಡಿದರು, ಆಮೇಲೆ ಅವನ ಕಾಲು ನೋಡಿದರು. "ಯಾತ್ರೆ ಮುಂದಕ್ಕೆ ಹಾಕ್ರಿ" ಎಂದವರೇ ಹೋಗಿ ಗೇಟಿನ ಚಿಲಕ ಹಾಕಿದರು.

ಅಲ್ಲಿಂದ ಮಧ್ಯಾಹ್ನದವರೆಗೂ ಕೊಡದ ನೀರು ಎರೆಯದೆ ಇಟ್ಟರೆ ಮೈಲಿಗೆಯಾಗುತ್ತದೋ ಇಲ್ಲವೋ ಎಂದು ನಮ್ಮೊಳಗೇ ಜಗಳ. ಕಾಲುಬಾಯಿ ಬಂದ ಎತ್ತಿಗೆ ಕಾಲೂ ಏಳುವುದಿಲ್ಲ, ಬಾಯಿಯೂ ಆಡುವುದಿಲ್ಲ. ನಮ್ಮಲ್ಲಿ ನಿಂತದ್ದು ಕಾಲು ಮಾತ್ರ.