ಅಪ್ಪ ಕಿವುಡನಾಗಲು ಹೋದದ್ದು

ಅಪ್ಪನ ಕಿವಿಗಳು ಮುಖಕ್ಕಿಂತ ಒಂದು ಅಳತೆ ದೊಡ್ಡವು. ಎಷ್ಟು ಉಜ್ಜಿದರೂ ಅವುಗಳ ಮಡಿಕೆಯಲ್ಲಿ ಕಲ್ಲಿದ್ದಲ ಕಪ್ಪು ಉಳಿದೇ ಇರುತ್ತಿತ್ತು. ಗಣಿಯೊಳಗೆ ಕೋಲಿನಿಂದ ಮೇಲ್ಛಾವಣಿ ಬಡಿದು, ಸದ್ದು ಕೇಳಿ, ಅದು ಗಟ್ಟಿಯೋ ಸಡಿಲವೋ ಹೇಳುವುದು ಅವನ ಕೆಲಸ. ನೆಂಟರ ಮನೆಗೆ ಹೋದರೂ ಛತ್ರಿಯ ತುದಿಯಿಂದ ಛಾವಣಿ ತಟ್ಟಿ ನೋಡಿಯೇ ಕೂರುತ್ತಿದ್ದ. "ಮಾಳಗಿ ಬೀಳೂ ಮೊದಲ ಮಾತಾಡತೈತಿ," ಎನ್ನುತ್ತಿದ್ದ.

ನಮ್ಮ ಗಣಿ ಕಾಲೊನಿಯ ಹುಡುಗರಿಗೆ ಎರಡೇ ದಾರಿ: ಆಟೊ ಓಡಿಸುವುದು, ಇಲ್ಲವೇ ಅಪ್ಪನನ್ನು ಕಾಯಿಲೆ ಬೀಳಿಸುವುದು. ತಂದೆ ಅನ್‌ಫಿಟ್ ಎಂದು ಡಾಕ್ಟರು ಬರೆದರೆ ಆ ನೌಕರಿ ಮಗನಿಗೆ. ಡಿಗ್ರಿ ಮುಗಿಸಿ ಎರಡು ವರ್ಷ ಖಾಲಿ ಕೂತಿದ್ದ ನಾನೂ ಅಪ್ಪನನ್ನು ಆಸೆಗಣ್ಣಿನಿಂದ ನೋಡತೊಡಗಿದೆ. ದುರದೃಷ್ಟಕ್ಕೆ ಅವನು ಕಲ್ಲುಗುಂಡಿನಂತಿದ್ದ. ಕೊನೆಗೆ ಅವನು ಕಿವುಡನಂತೆ ನಟಿಸುವುದೆಂದು ತೀರ್ಮಾನವಾಯಿತು.

ತಪಾಸಣೆ ಹೈದರಾಬಾದಿನಲ್ಲಿ. ಕೂಕಟ್‌ಪಲ್ಲಿಯ ಅತ್ತೆಯ ಮನೆಯಲ್ಲಿ ವಾರವಿಡೀ ತಾಲೀಮು. ಅತ್ತೆ ಹಿಂದಿನಿಂದ ತಟ್ಟೆ ಬೀಳಿಸಿದರೂ ಅಪ್ಪ ತಿರುಗಲಿಲ್ಲ. "ಮಟನ್ ಹಾಕಲೇನಣ್ಣಾ?" ಎಂದು ಪಿಸುಗುಟ್ಟಿದಳು.

"ಸ್ವಲ್ಪ ಹಾಕು," ಎಂದುಬಿಟ್ಟ. ತಾಲೀಮು ಮತ್ತೆ ಮೊದಲಿನಿಂದ ಶುರುವಾಯಿತು.

ತಪಾಸಣೆಯ ದಿನ ಮಾತ್ರ ಚೆನ್ನಾಗಿಯೇ ನಟಿಸಿದ. ಡಾಕ್ಟರು ಕೂಗಿದರು, ಗಂಟೆ ಬಾರಿಸಿದರು. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದ. ಡಾಕ್ಟರು ಬರೆಯಲು ಪೆನ್ನು ತೆಗೆದರು. ಅಷ್ಟರಲ್ಲಿ ಅಪ್ಪ ತಲೆಯೆತ್ತಿದ. ನನಗೇನೂ ಕೇಳಿಸಿರಲಿಲ್ಲ. "ಉಠೋ ಸಾಬ್, ಉಠೋ!" ಎಂದು ಅವರ ರಟ್ಟೆ ಹಿಡಿದು ಎಳೆದ. ಮರುಕ್ಷಣ ಛಾವಣಿಯ ಗಾರೆ ಧೊಪ್ಪೆಂದು ಅವರ ಕುರ್ಚಿಯ ಮೇಲೆ ಬಿತ್ತು.

ಹೇಗೆ ಗೊತ್ತಾಯಿತೆಂದು ಡಾಕ್ಟರು ಕೇಳಿದರು.

"ಆವಾಜ್ ಆಯಾ, ಸಾಬ್," ಎಂದ ಅಪ್ಪ, ಎದೆಯುಬ್ಬಿಸಿ.

ಡಾಕ್ಟರು ಕಾಗದದ ಧೂಳು ಕೊಡವಿ, ಅವನ ಕೈ ಕುಲುಕಿ, ಫಿಟ್ ಎಂದು ಬರೆದರು.

ಬಸ್ಸಿನಲ್ಲಿ ನಾನು ಅವನಿಗೆ ಬೆನ್ನು ತಿರುಗಿಸಿ ಕೂತೆ. "ಸಿಟ್ಟ ಬಂದೈತೇನಪಾ?" ಎಂದ ಅಪ್ಪ. "ಸುಮ್ನ ಕುಂದ್ರಬೇಕಂತನ ಮಾಡಿದ್ದೆ. ಆಗಲಿಲ್ಲ." ಸುಳ್ಳೇಕೆ ಹೇಳಲಿ, ಭಾರಿ ಸಿಟ್ಟು ಬಂದಿತ್ತು.

ಆಮೇಲೆ ಜೀಡಿಮೆಟ್ಲಾದ ಕಾರ್ಖಾನೆಯೊಂದರಲ್ಲಿ ಮಾತ್ರೆ ಪ್ಯಾಕ್ ಮಾಡುವ ಕೆಲಸ ಹಿಡಿದೆ. ಸಂಬಳ ಗಣಿಯ ಅರ್ಧವೂ ಇಲ್ಲ. ನಿವೃತ್ತನಾಗಿ ನನ್ನ ಬಳಿ ಬಂದ ಮೇಲೆ ಅಪ್ಪ ನಿಜವಾಗಿಯೂ ಕಿವುಡನಾದ. ಕಿವಿಗೆ ಬಾಯಿಟ್ಟು ಕೂಗಬೇಕಿತ್ತು. "ಈಗ ಕರಕೊಂಡ ಹೋಗೋ ಆ ಡಾಕ್ಟರ್ ಕಡೆ," ಎಂದು ನಗುತ್ತಿದ್ದ. "ಈಗ ಪಾಸಾಕ್ಕೀನಿ."

ಹೋದ ವರ್ಷ ತೀರಿಕೊಂಡ. ಕೊನೆಯ ಸ್ನಾನ ಮಾಡಿಸುವಾಗ ಆ ಕಿವಿಗಳನ್ನು ಸೋಪು ಹಚ್ಚಿ ಉಜ್ಜಿದೆ. ಕಪ್ಪು ಹೋಗಲಿಲ್ಲ. ಸಿಟ್ಟು ಯಾವಾಗಲೋ ಹೋಗಿತ್ತು. ಈಗ ತಲೆ ಬಾಚುವಾಗ ಕನ್ನಡಿಯಲ್ಲಿ ನನ್ನ ಕಿವಿ ನೋಡಿಕೊಳ್ಳುತ್ತೇನೆ. ಅವನವೇ, ಅಷ್ಟೇ ದೊಡ್ಡವು. ಮಡಿಕೆಗಳಲ್ಲಿ ಮಾತ್ರ ಏನೂ ಇಲ್ಲ.